ಕ್ಷೌರಿಕನ ಗಡ್ಡ

ಕಬ್ಬಿನ ರೈಲು ಹೊರಡುವಾಗ ಮೊದಲು ಕೇಳುವುದು ಎಂಜಿನ್ನಿನ ಸದ್ದಲ್ಲ, ಕೊಂಡಿಗಳ ಸದ್ದು. ಮುಂದಿನ ಗಾಡಿ ಹಿಂದಿನದನ್ನು ಜಗ್ಗುತ್ತದೆ, ಅದು ತನ್ನ ಹಿಂದಿನದನ್ನು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಖಟ್, ಖಟ್, ಖಟ್ ಎನ್ನುತ್ತ ಆ ಸದ್ದು ಸಾಲಿನ ಉದ್ದಕ್ಕೂ ಓಡಿ ಕೊನೆಯ ಗಾಡಿಯಲ್ಲಿ ನಿಂತುಬಿಡುತ್ತದೆ. ಕಡಲಾಚೆಯ ದ್ವೀಪದ ಊರಾದ ಲಂಬಾಸದ ಸಕ್ಕರೆ ಗಿರಣಿಗೆ ಹೋಗುವ ಹಳಿಯ ಪಕ್ಕದ ತಗಡಿನ ಕೋಣೆಯಲ್ಲಿ ಮಲಗಿ ಬಿಂದೇಸರಿ ಈ ಸದ್ದನ್ನು ಅರ್ಧ ಆಯುಷ್ಯದಿಂದ ಕೇಳುತ್ತ ಬಂದಿದ್ದಾನೆ. ಕಬ್ಬು ನುರಿಸುವ ಕಾಲ ಮುಗಿದ ಮೇಲೆ ಅದೂ ಇಲ್ಲ. ಮಳೆಗಾಲದ ಆ ತಿಂಗಳುಗಳಲ್ಲಿ ಕೋಣೆಯೊಳಗೆ ಉಳಿಯುವ ಸದ್ದು ಅವನೇ ಮಾಡಿಕೊಂಡದ್ದು, ಕಲ್ಲಿನ ಮೇಲೆ ಕ್ಷೌರದ ಕತ್ತಿ ಹೋಗಿ ಬರುವ ಸದ್ದು.

ಕೋಣೆಯ ಮುಂದಿನ ಅರ್ಧವೇ ಅಂಗಡಿ. ಒಂದು ಮರದ ಕುರ್ಚಿ, ಅಂಚಿನಲ್ಲಿ ಪಾದರಸ ಹೋದ ಒಂದು ಕನ್ನಡಿ, ಗೂಟಕ್ಕೆ ನೇತುಬಿಟ್ಟ ತೊಗಲಿನ ಪಟ್ಟಿ. ಹಿಂದಿನ ಅರ್ಧದಲ್ಲಿ ಮಂಚ, ಸೀಮೆಎಣ್ಣೆ ಒಲೆ, ಹೆಂಡತಿ ಸೋನ್‌ಕಲಿ ಬಿಟ್ಟುಹೋದ ಟ್ರಂಕು. ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ಅವಳು ಹೋದಳು. ಇನ್ನೊಬ್ಬಳನ್ನು ತರು ಎಂದು ಹೇಳಿ ಹೇಳಿ ಊರು ದಣಿಯಿತು.

ಅವನ ಕಲ್ಲುಗಳನ್ನು ನೋಡಿದವರಿಗೆ ನಗು ಬರುತ್ತದೆ. ಒಂದು, ಗಿರಣಿಯ ಬಡಗಿಗಳು ಸವೆದುಹೋಯಿತೆಂದು ಬಿಸಾಡಿದ ಬೂದು ಬಣ್ಣದ ಮಸೆಗಲ್ಲು. ಇನ್ನೊಂದು, ಯಾವುದೋ ಮಗುವಿನ ಒಡೆದ ಸ್ಲೇಟು. ಮೂಲೆ ಹಾರಿಹೋಗಿದೆ, ಒಂದು ಮಗ್ಗುಲಲ್ಲಿ ಅಕ್ಷರ ತಿದ್ದಲು ಗೀರಿದ ಗೆರೆಗಳು ಇನ್ನೂ ಮಸುಕಾಗಿ ಉಳಿದಿವೆ. ಗೆರೆಯಿಲ್ಲದ ಮಗ್ಗುಲು ಅವನಿಗೆ ಬೇಕಾದದ್ದು. ಬೂದು ಕಲ್ಲಿನ ಮೇಲೆ ಕತ್ತಿಯನ್ನು ನಾಲ್ಕು ಸಲ ಆಡಿಸಿ ಅಲಗನ್ನು ನೇರ ಮಾಡಿಕೊಂಡು ಅವನು ಸ್ಲೇಟಿಗೆ ಬರುತ್ತಾನೆ. ಸ್ಲೇಟಿನ ಒಂದು ಚೂರಿನಿಂದಲೇ ಸ್ಲೇಟನ್ನು ಉಜ್ಜಿ, ಹಾಲಿನಂಥ ಬೂದು ನೀರು ಎಬ್ಬಿಸುತ್ತಾನೆ. ಕತ್ತಿಯ ಬೆನ್ನೂ ಬಾಯಿಯೂ ಕಲ್ಲಿಗೆ ಮಲಗಬೇಕು. ಕೈ ಒತ್ತಬಾರದು, ಕತ್ತಿಯ ಭಾರ ಕತ್ತಿಗೆ ಸಾಕು. ಹೋಗುವಾಗ ಬಾಯಿ ಮುಂದು, ಹೊರಳಿಸುವುದು ಬೆನ್ನಿನ ಮೇಲೆ. ಬೆರಳ ತುದಿಯಿಂದ ಒಂದೊಂದೇ ಹನಿ ನೀರು ಬಿಡುತ್ತ ಹೋದ ಹಾಗೆ ಆ ಹಾಲು ಮಜ್ಜಿಗೆಯಾಗಿ, ಅಕ್ಕಿ ತೊಳೆದ ನೀರಾಗಿ, ಕೊನೆಗೆ ಬರಿಯ ನೀರಾಗುತ್ತದೆ. ಆ ಹೊತ್ತಿಗೆ ಅಲಗೂ ಅಷ್ಟೇ ನುಣುಪಾಗಿರುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದೇ ಈ ಕೆಲಸದ ಕಷ್ಟ. ಅದಕ್ಕೆ, ಅವನಿಗೆ ಕೆಲಸ ಕಲಿಸಿದ ರಘುಬೀರ್ ಉಸ್ತಾದ್ ಒಂದು ಗುರುತು ಹೇಳಿಕೊಟ್ಟಿದ್ದರು. ಅಲಗು ಹದಕ್ಕೆ ಬಂದಾಗ ಕಲ್ಲಿನ ಮೇಲಿನ ನೀರು ಮುಂದಕ್ಕೆ ತಳ್ಳಿಸಿಕೊಂಡು ಹೋಗುವುದನ್ನು ಬಿಟ್ಟು ಕತ್ತಿಯ ಮೇಲಕ್ಕೆ ಹತ್ತುತ್ತದೆ. ನೀರು ಹತ್ತಿತೆಂದರೆ ಕಲ್ಲು ಇಳಿಸು. ಆಮೇಲೂ ಮಸೆದರೆ ಅಲಗು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಮುಂಗೈ ಮೇಲಿನ ಕೂದಲನ್ನು ಅದು ತಾಗಿದ್ದೇ ತಡ ಹಾರಿಸುತ್ತದೆ, ನೋಡಿದವನು ಮೆಚ್ಚುತ್ತಾನೆ. ಕೆನ್ನೆಯ ಮೇಲೆ ಮಾತ್ರ ಎಲ್ಲೋ ಒಂದು ಕಡೆ ಮಡಚಿಕೊಂಡು ಚರ್ಮ ಸೀಳುತ್ತದೆ.

ಉಸ್ತಾದರ ಕೈಕೆಳಗೆ ಇಬ್ಬರು ಕಲಿತರು. ಬಿಂದೇಸರಿ ಒಬ್ಬ, ಮೊಯ್ದೀನ್ ಇನ್ನೊಬ್ಬ. ಕಲಿಯುವಾಗ ಗಿರಾಕಿಯ ಮುಖ ಯಾರೂ ಕೊಡುವುದಿಲ್ಲವಾದ್ದರಿಂದ ಒಬ್ಬನ ಮುಖ ಇನ್ನೊಬ್ಬನಿಗೆ ತಿದ್ದುವ ಸ್ಲೇಟಾಯಿತು. ಆಮೇಲೆ ಉಸ್ತಾದರು ಒಂದು ಮಾತು ಹೇಳಿದ್ದರು. ಕ್ಷೌರಿಕ ತನ್ನ ಗಂಟಲಿಗೆ ತಾನೇ ಕತ್ತಿ ಹಿಡಿಯಬಾರದು. ಹಿಡಿದ ದಿನ ಈ ಲೋಕದಲ್ಲಿ ತನಗೆ ಯಾರೂ ಉಳಿದಿಲ್ಲವೆಂದು ಅವನು ಒಪ್ಪಿಕೊಂಡ ಹಾಗೆ. ಉಸ್ತಾದರು ಸಾಯುವ ವಾರದವರೆಗೂ ಇವರಿಬ್ಬರೇ ಸರದಿಯ ಮೇಲೆ ಅವರ ಮುಖ ಬೋಳಿಸಿದರು.

ಮೊಯ್ದೀನನ ಅಂಗಡಿ ನದಿಯಾಚೆ. ಮನೆ ತುಂಬ ಜನ: ಹೆಂಡತಿ, ಮೂವರು ಹೆಣ್ಣುಮಕ್ಕಳು, ಅಳಿಯ, ಮೊಮ್ಮಕ್ಕಳು. ಆದರೂ ಪ್ರತಿ ಭಾನುವಾರ, ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿ ಚರ್ಚಿನ ಹಾಡು ಮುಗಿದ ಮೇಲೆ, ಸೇತುವೆ ದಾಟಿ ಅವನು ಬರುತ್ತಿದ್ದ. ಹಿತ್ತಿಲ ದೀವಿಹಲಸಿನ ಮರದ ಕೆಳಗೆ ಕುರ್ಚಿ ಬೀಳುತ್ತಿತ್ತು. ಮೊದಲು ಬಿಂದೇಸರಿ ಮೊಯ್ದೀನನಿಗೆ ಮಾಡುತ್ತಿದ್ದ, ಆಮೇಲೆ ಮೊಯ್ದೀನ್ ಬಿಂದೇಸರಿಗೆ. ಮಾತು ಕಡಿಮೆ. ಕತ್ತಿಯ ಕೆಳಗೆ ಕೂತವನು ಮಾತಾಡುವಂತಿಲ್ಲ, ಕತ್ತಿ ಹಿಡಿದವನಿಗೆ ಮಾತಾಡುವ ಅಭ್ಯಾಸವಿಲ್ಲ. ಊರಿನ ಗಂಡಸರ ಕೆನ್ನೆಗಳನ್ನೆಲ್ಲ ಬಿಂದೇಸರಿಯ ಬೆರಳು ಬಲ್ಲವು. ಅವನ ಕೆನ್ನೆಯನ್ನು ಬಲ್ಲ ಬೆರಳು ಮೊಯ್ದೀನನವು ಮಾತ್ರ. ವಾರದಲ್ಲಿ ಅವನ ಮುಖವನ್ನು ಯಾರಾದರೂ ಮುಟ್ಟುವುದಿದ್ದರೆ ಆ ಅರ್ಧ ಗಂಟೆ.

ಆ ಭಾನುವಾರವೂ ಮೊಯ್ದೀನ್ ಬಂದ, ಕೂತ, ಕಣ್ಣು ಮುಚ್ಚಿದ. ಎಡಗೆನ್ನೆ ಮುಗಿದಿತ್ತು. ಕತ್ತಿ ದವಡೆಯ ಕೆಳಗೆ ಇಳಿಯುವಾಗ ನೊರೆಯ ಮೇಲೆ ಒಂದು ಕೆಂಪು ಗೆರೆ ಮೂಡಿ ಅಗಲವಾಯಿತು.

"ತಪ್ಪಿತಾ?" ಎಂದ ಮೊಯ್ದೀನ್, ಕಣ್ಣು ತೆರೆಯದೆ.

"ನೀನು ಅಲ್ಲಾಡಿದೆ."

ಈಗ ಕಣ್ಣು ತೆರೆದ. "ನಾನಾ?"

"ಏನೋ ಹೇಳೋಕೆ ಹೋದೆ. ದವಡೆ ಅಲ್ಲಾಡ್ತು."

"ಬಿಂದೇ, ನಿನ್ನ ಕತ್ತಿ ಕೆಳಗೆ ನಾನು ಉಗುಳು ಕೂಡ ನುಂಗಲ್ಲ. ಇಷ್ಟು ವರ್ಷದಲ್ಲಿ ಒಂದ್ಸಲ ನುಂಗಿದ್ದು ನೋಡಿದೀಯಾ?"

"ಇವತ್ತು ಅಲ್ಲಾಡಿದೆ, ಅಷ್ಟೇ."

"ಕೈಗೆ ವಯಸ್ಸಾಯ್ತು ಅನ್ನು, ಒಪ್ಕೋತೀನಿ. ನನ್ನ ಕೈಗೂ ಆಗಿದೆ."

"ನನ್ನ ಕೈಗೇನೂ ಆಗಿಲ್ಲ."

ಮೊಯ್ದೀನ್ ಪಟಿಕದ ತುಂಡನ್ನು ತಾನೇ ಒದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದ. ಬಲಗೆನ್ನೆಯ ನೊರೆಯನ್ನು ಟವೆಲಿನಿಂದ ಒರೆಸಿ, ಟೋಪಿ ಹಾಕಿಕೊಂಡು ಎದ್ದ. "ಬರ್ತೀನಿ" ಎಂದ. ಅರ್ಧ ನುಣುಪು, ಅರ್ಧ ಮುಳ್ಳು ಮುಖ ಹೊತ್ತು ಅವನು ಸೇತುವೆಯ ಕಡೆಗೆ ಹೋಗುವುದು ಮರದ ಕೆಳಗಿನಿಂದ ಕಾಣುತ್ತಿತ್ತು. ಬಿಂದೇಸರಿಯ ಸರದಿಗೆಂದು ಕಾಯಿಸಿಟ್ಟ ನೀರು ಚೊಂಬಿನಲ್ಲಿ ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವವರೆಗೆ ಅವನು ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ.

ಮರುದಿನ ಬೆಳಿಗ್ಗೆ, ಮೊದಲ ಗಿರಾಕಿ ಬರುವುದರೊಳಗೆ, ಅವನು ಆ ಕತ್ತಿಯನ್ನು ತೆಗೆದು ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದ. ನಡುವಿನಲ್ಲಿ ಒಂದು ಕಡೆ ಕಚ್ಚಿತು. ಬೆಳಕಿಗೆ ಹಿಡಿದಾಗ ಅಲ್ಲಿ ಒಂದು ಸಣ್ಣ ಮಿಣುಕು. ಅವನಿಗೆ ತಿಳಿಯಿತು. ಶನಿವಾರ ಸಂಜೆಯಿಡೀ ಮಳೆ. ರೇಡಿಯೋದ ಸೆಲ್ಲು ಮುಗಿದಿತ್ತು. ಮಸೆಯಲು ಕೂತವನು ನೀರು ಹತ್ತಿದ್ದನ್ನು ನೋಡಿದ್ದ, ಕಂಡೂ ನಿಲ್ಲಿಸಿರಲಿಲ್ಲ. ಆ ಸದ್ದು ನಿಂತರೆ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ಸುಮ್ಮನೆ, ಯಾರೋ ಜೊತೆಗೆ ಕೂತಿದ್ದಾರೆ ಎಂಬ ಹಾಗೆ, ಆಡಿಸುತ್ತಲೇ ಹೋಗಿದ್ದ.

ಕತ್ತಿಯನ್ನು ಸರಿಮಾಡಲು ಎಷ್ಟು ಹೊತ್ತು. ಬಾಟಲಿಯ ಗಾಜಿನ ಮೇಲೆ ಅಲಗನ್ನು ಒಂದು ಸಲ ಹಗುರವಾಗಿ ಎಳೆದು ಆ ಸಿಪ್ಪೆಯನ್ನು ಉದುರಿಸಿದ, ಮತ್ತೆ ಕಲ್ಲಿಗೆ ಹಾಕಿದ, ನೀರು ಹತ್ತಿದ ಕೂಡಲೇ ಇಳಿಸಿದ. ಆಡಿದ ಮಾತನ್ನು ಎಳೆಯುವ ಗಾಜು ಎಲ್ಲೂ ಸಿಗಲಿಲ್ಲ. ಮುಂದಿನ ಭಾನುವಾರ ಬಂದಾಗ ಹೇಳಿದರಾಯಿತು ಎಂದುಕೊಂಡ. ಮುಂದಿನ ಭಾನುವಾರ ಕುರ್ಚಿ ಹಾಕಿದ, ನೀರು ಕಾಯಿಸಿದ. ಸೇತುವೆಯ ಮೇಲೆ ಹಾಯುತ್ತಿದ್ದವರು ಬೇರೆ ಯಾರೋ. ಅದರ ಮುಂದಿನ ವಾರ ನೀರು ಮಾತ್ರ ಕಾಯಿಸಿದ. ಆಮೇಲೆ ಅದನ್ನೂ ಬಿಟ್ಟ.

ಗಡ್ಡ ತನ್ನ ಪಾಡಿಗೆ ಬೆಳೆಯಿತು.

ಊರಿಗೆ ಅದು ತಮಾಷೆಯಾಯಿತು. ಪಕ್ಕದ ಚಹಾದಂಗಡಿಯ ಫೂಲ್‌ಮತಿ ಊರಿಗೆಲ್ಲ ಭೌಜಿ, ಅತ್ತಿಗೆ. ಆ ಸಲಿಗೆಯಲ್ಲಿ ಅವಳ ಬಾಯಿಗೆ ತಡೆಯಿಲ್ಲ.

"ಏನ್ ಮೈದುನ, ಯಾರ್ ತೀರ್ಕೊಂಡ್ರು? ನಮಗೊಂದು ಮಾತು ಹೇಳ್ಲೇ ಇಲ್ಲ."

"ಯಾರೂ ಇಲ್ಲ ಭೌಜಿ."

"ಹಂಗಾದ್ರೆ ಸಾಧು ಆಗ್ತೀಯಾ? ಆಗೋದಾದ್ರೆ ಆ ಕನ್ನಡಿ ನನಗೆ ಕೊಟ್ಟು ಹೋಗು."

"ಅದರಲ್ಲಿ ಮುಖ ಸರಿಯಾಗಿ ಕಾಣಲ್ಲ."

"ನನ್ನ ವಯಸ್ಸಿಗೆ ಅಂಥಾದ್ದೇ ಬೇಕು."

ಹಳಿಯ ಪಕ್ಕದ ಹುಲ್ಲು ಸವರುವ ಕೆಲಸದ ಅಪಿಸಾಯಿಯದು ಇನ್ನೊಂದು ಬಗೆ. ಅವನು ಬಿಂದೇಸರಿಯನ್ನು ತವಾಲೆ ಎಂದು ಕರೆಯುತ್ತಾನೆ, ಎಂದರೆ ಆ ದ್ವೀಪದವರ ಭಾಷೆಯಲ್ಲಿ ಸೋದರಮಾವನ ಮಗ. ಆ ನಂಟು ಹೇಳಿಕೊಂಡವರು ಎಷ್ಟು ಚೇಷ್ಟೆ ಮಾಡಿದರೂ ಸಿಟ್ಟಾಗುವಂತಿಲ್ಲ. "ತವಾಲೆ, ಮುಖದ ಮೇಲೆ ಕಬ್ಬು ನೆಟ್ಟಿದೀಯಲ್ಲ, ಕಟಾವು ಯಾವಾಗ? ಗಿರಣಿಯಿಂದ ಸರದಿ ಚೀಟಿ ಬಂದಿಲ್ವಾ?" ಎಂದು ಹುಲ್ಲು ಸವರುವ ಮಚ್ಚನ್ನು ಬಾಗಿಲಿಗೆ ಒರಗಿಸಿ ಕೇಳುತ್ತಿದ್ದ. ತಂದ ಮರಗೆಣಸನ್ನು ಒಲೆಯ ಹತ್ತಿರ ಇಟ್ಟು, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ.

ಹೊಸ ಬ್ಲೇಡಿನ ಹುಡುಗರ ಅಂಗಡಿ ಊರಲ್ಲಿ ಎರಡಿದ್ದವು. ಅವರಲ್ಲಿಗೆ ಹೋಗಿ ಗಂಟಲು ಚಾಚಲು ಬಿಂದೇಸರಿಗೆ ಮನಸ್ಸು ಬರಲಿಲ್ಲ. ಸಂಜೆ ಹೊತ್ತು ಬಾಗಿಲು ಹಾಕಿ, ಕನ್ನಡಿಯಲ್ಲಿ ಆ ಬೆಳ್ಳಗಿನ ಪೊದೆಯನ್ನು ನೋಡುತ್ತಿದ್ದ. ತನ್ನ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ನೋಡುವ ಕೆಲಸ ಮೊಯ್ದೀನನದಾಗಿತ್ತು. ಮಸೆಯುವುದನ್ನೂ ಈಗ ಅವನು ಕಡಿಮೆ ಮಾಡಿದ್ದ. ಕಲ್ಲು ಇಳಿಸಿದ ಮೇಲೆ ಕೋಣೆಯಲ್ಲಿ ತಗಡಿನ ಮೇಲಿನ ಹಲ್ಲಿಯ ಕಾಲು ಕೂಡ ಕೇಳುತ್ತಿತ್ತು. ಮೊಯ್ದೀನನಿಗೇನು, ಮನೆ ತುಂಬ ಜನ, ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆ ಅಳಿಯನೇ ಬೋಳಿಸುತ್ತಿರಬಹುದು.

ಮಳೆ ಹಿಂದಾಗಿ ಮದುವೆಗಳ ಕಾಲ ಬಂತು. ಫೂಲ್‌ಮತಿಯ ಮಗ ಹರ್‌ದೇವನ ಮದುವೆ ಮುಂದಿನ ವಾರಕ್ಕೆ ಗೊತ್ತಾಯಿತು. ಹರ್‌ದೇವನ ಮೊದಲ ಕೂದಲು ತೆಗೆದವನು ಬಿಂದೇಸರಿ. ಅವನ ಅಪ್ಪ ತೀರಿಕೊಂಡಾಗ ತಲೆ ಬೋಳಿಸಿದವನೂ ಅವನೇ. ಮದುವೆಯ ಹಿಂದಿನ ದಿನ ಗಂಡಿನ ಮುಖಕ್ಷೌರ ಬೇರೆ ಯಾರು ಮಾಡಬೇಕು. ಆದರೆ ಆ ಗುರುವಾರ ಫೂಲ್‌ಮತಿ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಾಗ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ.

"ನೋಡು ಬಿಂದೇಸರಿ, ಬೇಜಾರು ಮಾಡ್ಕೋಬೇಡ. ಹೆಣ್ಣಿನ ಕಡೆಯವರು ಕೇಳ್ತಿದಾರೆ, ನಿಮ್ಮ ನಾವಿದನಿಗೆ ಯಾವ ಸೂತಕ ಅಂತ."

"ಸೂತಕ ಇಲ್ಲ ಅಂದೆನಲ್ಲ."

"ನನಗೆ ಗೊತ್ತು. ಅವರಿಗೆ ಕಾಣೋದು ಗಡ್ಡ. ಈ ಮುಖ ಇಟ್ಕೊಂಡು ನನ್ನ ಮಗನ ಕೆನ್ನೆಗೆ ಅರಿಸಿನದ ದಿವಸ ಕೈ ಹಾಕ್ಬೇಡ. ಒಂದೋ ತೆಗಿ, ಇಲ್ಲ ಅಂದ್ರೆ ನಾನು ಆ ಬ್ಲೇಡಿನ ಹುಡುಗನಿಗೆ ಹೇಳ್ತೀನಿ."

"ಹರ್‌ದೇವ ಏನಂತಾನೆ?"

"ಅವನೇನಂತಾನೆ. ಬಿಂದೇಸರಿ ಚಾಚಾನೇ ಬರ್ಲಿ ಅಂತಾನೆ." ಅವಳು ಎದ್ದಳು. ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು, "ದಿನಾ ಊರೆಲ್ಲ ಬೋಳಿಸ್ತೀಯಲ್ಲ. ನಿಂದೊಂದು ಮುಖ ನಿನಗೆ ಕಷ್ಟವಾ?"

ಬಿಂದೇಸರಿ ಅವಳು ಕೂತಿದ್ದ ಕುರ್ಚಿಯನ್ನು ಒರೆಸತೊಡಗಿದ. ಅದರ ಉತ್ತರ ಚಹಾದಂಗಡಿಗೆ ಹೇಳುವಂಥದ್ದಲ್ಲ.

ಭಾನುವಾರ ಚರ್ಚಿನ ಹಾಡು ನದಿಯ ಮೇಲಿಂದ ಬಂದು ನಿಂತಿತು. ಬಿಂದೇಸರಿ ಸ್ಲೇಟನ್ನು ಮೊಣಕಾಲ ಮೇಲಿಟ್ಟುಕೊಂಡು ಹಾಲು ಎಬ್ಬಿಸಿದ. ಹನಿ ಹನಿಯಾಗಿ ತಿಳಿ ಮಾಡುತ್ತ ಹೋದ. ನೀರು ಕತ್ತಿಯನ್ನು ಹತ್ತಿತು, ಕಲ್ಲು ಇಳಿಸಿದ. ತೊಗಲಿನ ಪಟ್ಟಿಯ ಮೇಲೆ ಎಳೆದು, ಆಮೇಲೆ ಅಂಗೈಯ ಮೇಲೆ ಎಳೆದ. ಕತ್ತರಿಯಿಂದ ಗಡ್ಡವನ್ನು ಚಿಕ್ಕದು ಮಾಡಿಕೊಳ್ಳಲೇ ಎಂದು ಯೋಚಿಸಿ, ಹೇಗೂ ಹೋಗುವುದು ತಾನೇ ಎಂದು ಬಿಟ್ಟ. ಬಿಸಿನೀರು ಹಚ್ಚಿ, ನೊರೆ ಬಳಿದುಕೊಂಡು ಕನ್ನಡಿಯ ಮುಂದೆ ನಿಂತ. ಕತ್ತಿಯನ್ನು ಬಿಡಿಸಿ ಎಡಗೈಯಿಂದ ಕೆನ್ನೆಯ ಚರ್ಮ ಎಳೆದು ಹಿಡಿದ. ಅಲಗು ಕಿವಿಯ ಕೆಳಗೆ ತಾಗುವಷ್ಟು ಹತ್ತಿರ ಬಂತು. ಉಸ್ತಾದರ ಮಾತು ನೆನಪಾಗಲಿಲ್ಲ. ನೆನಪಾದದ್ದು, ಈ ಜಾಗದಲ್ಲಿ ಮೊಯ್ದೀನನ ಕಿರುಬೆರಳು ಯಾವಾಗಲೂ ಕಿವಿಯ ಹಾಲೆಯನ್ನು ಸ್ವಲ್ಪ ಮಡಚಿ ಹಿಡಿಯುತ್ತಿತ್ತು ಎಂಬುದು.

"ತವಾಲೆ," ಎಂದು ಹಿಂದಿನಿಂದ ಅಪಿಸಾಯಿ ಕರೆದ. ಚರ್ಚಿನಿಂದ ನೇರ ಬಂದಿದ್ದ. ಬಿಳಿ ಅಂಗಿ, ಬಗಲಲ್ಲಿ ಬೈಬಲ್. "ಕೊನೆಗೂ ಕಟಾವಾ? ನಿಲ್ಲು, ನಿಲ್ಲು, ನೋಡ್ತೀನಿ. ಇದೇ ವಾರ ಎರಡು ಕಾಡು ನೋಡಿದ ಹಾಗಾಯ್ತು."

ಬಿಂದೇಸರಿ ಕತ್ತಿಯನ್ನು ಇಳಿಸಿದ. "ಎರಡನೇದು ಯಾರದ್ದು?"

"ನಿನ್ನ ಮೊಯ್ದೀನಂದು. ಶುಕ್ರವಾರ ಆಚೆ ಕಡೆ ಹೋಗಿದ್ದೆ, ಅಲ್ಲೇ ತಲೆ ಕತ್ತರಿಸ್ಕೊಂಡೆ. ಗಂಟಲು ಮುಚ್ಚೋವಷ್ಟು ಗಡ್ಡ ಮಾರಾಯ. ಎಲ್ಲರೂ ಸಲಾಂ ಹೊಡೀತಾರೆ. ಮಸೀದೀಲಿ ಮುಂದಿನ ಸಾಲಿಗೆ ಕರೀತಾರಂತೆ. ಮುದುಕನಿಗೆ ಈಗಲಾದ್ರೂ ಭಕ್ತಿ ಬಂತು ಅಂತ ಹೆಂಡತಿ ಖುಷಿಯೋ ಖುಷಿ."

"ಅವನೇನಂತಾನೆ?"

"ಏನೂ ಅನ್ನಲ್ಲ. ಕೆರ್ಕೊಳ್ತಾ ಕೂತಿರ್ತಾನೆ. ಪುಣ್ಯ ಕಚ್ಚುತ್ತೆ ಅಂತ ಕಾಣುತ್ತೆ."

ಬಿಂದೇಸರಿ ಕನ್ನಡಿಯಲ್ಲೇ ಅವನನ್ನು ನೋಡಿದ. "ಮೀಸೆ ಸಣ್ಣಗೆ ಮಾಡಿದಾನಾ?"

"ಇಲ್ಲ. ಚಹಾ ಕುಡಿದ್ರೆ ಅರ್ಧ ಮೀಸೆಗೇ."

"ಕುತ್ತಿಗೆ ಕೆಳಗೆ? ಗೆರೆ ತೆಗೆದಿದಾನಾ, ಗುಂಡಗೆ?"

"ಯಾವ ಗೆರೆ? ಕುತ್ತಿಗೆ ಎಲ್ಲಿ ಮುಗಿಯುತ್ತೆ, ಎದೆ ಎಲ್ಲಿ ಶುರು ಅಂತಾನೇ ಗೊತ್ತಾಗಲ್ಲ. ಯಾಕೆ ಕೇಳ್ತೀಯಾ?"

"ಸುಮ್ನೆ."

ಅಪಿಸಾಯಿ ಹೋದ ಮೇಲೆ ಅವನು ಹಾಗೇ ನಿಂತಿದ್ದ. ಮುಖದ ಮೇಲೆ ನೊರೆ ಒಣಗಿ ಬಿಗಿಯುತ್ತಿತ್ತು. ಮೊಯ್ದೀನನಿಗೆ ಗಡ್ಡ ಇಡುವುದು ಗೊತ್ತು. ಹಾಜಿಗಳ ಗಡ್ಡ ತಿದ್ದಲು ನದಿಯಾಚೆ ಅವನಿಗಿಂತ ಒಳ್ಳೆಯ ಕೈ ಇಲ್ಲ. ಇಟ್ಟುಕೊಳ್ಳಬೇಕೆಂದು ಇಟ್ಟ ಗಡ್ಡಕ್ಕೆ ಮೊದಲ ವಾರವೇ ಅವನು ಮೀಸೆ ಸಣ್ಣಗೆ ಮಾಡಿ, ಗೆರೆ ತೆಗೆಯುತ್ತಾನೆ. ಗೆರೆ ತೆಗೆಯಲು ಗಂಟಲಿಗೆ ಕತ್ತಿ ಹಿಡಿಯಬೇಕು. ಅವನು ಹಿಡಿದಿಲ್ಲ. ಮನೆ ತುಂಬ ಇರುವ ಜನರಲ್ಲಿ ಯಾರ ಕೈಗೂ ಕೊಟ್ಟಿಲ್ಲ.

ಹಾಗೆಂದು ಖಂಡಿತ ಹೇಳುವುದಾದರೂ ಹೇಗೆ. ಈಗ ಭಕ್ತಿಯೇ ಇರಬಹುದು. ಮುಂದಿನ ಸಾಲಿನಲ್ಲಿ ನಿಲ್ಲಿಸುವ ಗಡ್ಡವನ್ನು ಯಾವ ಮನುಷ್ಯ, ಅದೂ ತನ್ನ ಗಂಟಲು ಕೊಯ್ದವನಿಗಾಗಿ, ತೆಗೆಸಿಕೊಳ್ಳುತ್ತಾನೆ? ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿಬಿಟ್ಟರೆ? ಅಲ್ಲಿಂದ ಹಿಂದೆ ಬರುವಾಗ ಸೇತುವೆ ಬಹಳ ಉದ್ದವಾಗಿರುತ್ತದೆ. ಕೋಣೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಂತು ಮಾಡಬೇಕಾದದ್ದೂ ಒಂದೇ ಉಳಿಯುತ್ತದೆ.

ತಪ್ಪಾಯಿತು ಎನ್ನುವ ಮಾತನ್ನು ಬಾಯಲ್ಲಿ ಒಂದೆರಡು ಸಲ ಆಡಿಸಿ ನೋಡಿದ. ಅದು ಅವನ ಬಾಯಿಗೆ ಕೂರಲಿಲ್ಲ. ನಾಲಿಗೆಗಿಂತ ಗಂಟಲು ಕೊಡುವುದು ಸುಲಭ. ಆ ದಿನ ಉಳಿದಿದ್ದು ತನ್ನ ಸರದಿ. ಕತ್ತಿಯನ್ನು ಅವನ ಕೈಯಲ್ಲಿಟ್ಟು, ಮೊದಲು ನೀನು ಮಾಡು ಎಂದು ಕೂತುಬಿಟ್ಟರೆ, ಅಲಗನ್ನು ಉಗುರಿನ ಮೇಲೆ ಎಳೆದು ನೋಡದೆ ಮೊಯ್ದೀನ್ ಮುಟ್ಟುವವನಲ್ಲ. ನೋಡಿದರೆ ಅವನಿಗೆ ತಿಳಿಯುತ್ತದೆ, ಈ ಸಲ ಎಲ್ಲಿ ನಿಲ್ಲಿಸಿದ್ದಾನೆಂದು. ಆ ಸಲ ಎಲ್ಲಿ ನಿಲ್ಲಿಸಲಿಲ್ಲವೆಂಬುದೂ ತಿಳಿಯುತ್ತದೆ.

ಒದ್ದೆ ಟವೆಲಿನಿಂದ ಮುಖ ಒರೆಸಿಕೊಂಡ. ಕತ್ತಿಯನ್ನು ಮಡಚಿ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಬಾಗಿಲು ಎಳೆದುಕೊಂಡು ಹೊರಬಂದಾಗ ಚಹಾದಂಗಡಿಯ ಹಿಂದೆ ಫೂಲ್‌ಮತಿ ಮದುವೆಗೆ ತಂದ ದೊಡ್ಡ ಹಂಡೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದಳು.

"ಕಿವಿ ಹತ್ರ ಸೋಪು ಅಂಟಿದೆ," ಎಂದಳು. "ಗಡ್ಡ ಮಾತ್ರ ಹಂಗೇ ಇದೆಯಲ್ಲ. ಎಲ್ಲಿಗೆ?"

"ಆಚೆಗೆ. ಮೊಯ್ದೀನ್ ಹತ್ರ."

ಅವಳ ಕೈ ನಿಂತಿತು. ಕೇಳಬೇಕೋ ಬೇಡವೋ ಎಂಬಂತೆ ಅವನ ಮುಖ ನೋಡಿದಳು. "ಅವನು ಬಾಗಿಲು ತೆಗೀದೆ ಇದ್ರೆ?"

ಬಿಂದೇಸರಿ ಆಗಲೇ ಹಳಿಯ ಮೇಲೆ ಕಾಲಿಟ್ಟಿದ್ದ. ತಿರುಗಲಿಲ್ಲ.

"ತೆಗೀದೆ ಇದ್ರೆ ಮೆಟ್ಟಿಲ ಮೇಲೆ ಕೂತ್ಕೋತೀನಿ ಭೌಜಿ. ಯಾರಾದ್ರೂ ಒಳಗೆ ಹೋಗೋರು ಇರ್ತಾರೆ, ಹೊರಗೆ ಬರೋರು ಇರ್ತಾರೆ, ಅವರ ಹತ್ರ ಹೇಳಿ ಕಳಿಸ್ತೀನಿ, ದವಡೆ ಅಲ್ಲಾಡಿರ್ಲಿಲ್ಲ, ಆವತ್ತು ಕತ್ತೀನೇ..." ಎನ್ನುತ್ತ ಹಳಿ ದಾಟಿ, ಹುಲ್ಲಿನ ಇಳಿಜಾರಿನಲ್ಲಿ ಅವನು ಸೇತುವೆಯ ಕಡೆಗೆ ಇಳಿದ.